ನೇಲ್ ಪಾಲಿಷ್ ಉಗುರಿನ ನಡುವೆ ನಿಂತಾಗ

ನೇಲ್ ಪಾಲಿಷ್ ಹಚ್ಚೋದು ಕಣ್ಣು ಮುಚ್ಚಿಕೊಂಡು ಮಾಡೋ ಕೆಲಸ ಅಂತ ಅಂದುಕೊಂಡಿದ್ದೆ. ನಡುವೆ ಒಂದು ಎಳೆ, ಆ ಕಡೆ ಒಂದು, ಈ ಕಡೆ ಒಂದು, ಮುಗೀತು. ಆದರೆ ನನ್ನ ಪಾರ್ಲರಿಗೆ ಬಂದಿದ್ದ ಆ ಹುಡುಗಿಗೆ ಎಷ್ಟು ತೆಳ್ಳಗೆ ಹಚ್ಚಿದರೂ ಬಣ್ಣ ಅಂಚು ಬಿಟ್ಟು ಜಾರಿ ಬಂದು ಉಗುರಿನ ನಡುವೆ ನಿಲ್ಲುತ್ತಿತ್ತು. ಬಾಟಲಿ ಹಳೇದಾಗಿರಬೇಕು ಅಂತ ಹೊಸದು ಒಡೆದೆ. ಅದೂ ಹಾಗೇ. ಕೊನೆಗೆ ರಿಮೂವರ್ ಹಾಕಿ ಒರೆಸಿ, ಬೆರಳನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓರೆಯಾಗಿ ನೋಡಿದೆ. ಉಗುರು ಉಬ್ಬಿರಲಿಲ್ಲ, ತಗ್ಗಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಪುಟ್ಟ ಚಮಚದ ಹಾಗೆ. ಪಕ್ಕದ ಬಟ್ಟಲಿಂದ ಒಂದು ಹನಿ ನೀರು ಬಿಟ್ಟೆ. ಜಾರಲಿಲ್ಲ. ಆರಾಮಾಗಿ ಅಲ್ಲೇ ಕೂತಿತು.

"ಹಸಿ ಅಕ್ಕಿ ತಿಂತೀಯಾ?" ಅಂದೆ.

ಹುಡುಗಿ ತಲೆ ತಗ್ಗಿಸಿದಳು. ಜೊತೆಗೆ ಬಂದಿದ್ದ ಅವರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ನಿಮಗೆ ಹೆಂಗ್ ಗೊತ್ತಾಯ್ತಮ್ಮಾ? ಹೋಗ್ತಾ ಬರ್ತಾ ಡಬ್ಬಕ್ಕೆ ಕೈ ಹಾಕ್ತಾಳೆ. ಮದುವೆ ದಿನ ಮಳೆ ಬರ್ತದೆ ಕಣೇ ಅಂತ ಬೈದೂ ಬೈದೂ ಸಾಕಾಯ್ತು."

ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಮಳೆಯ ಚಿಂತೆ ಎಲ್ಲರಿಗೂ ಇತ್ತು, ಅಕ್ಕಿ ಯಾಕೆ ಬೇಕು ಅನ್ನಿಸುತ್ತೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ನನ್ನ ಪಾರ್ಲರ್ ಇರೋದು ಚಿಂತಾಮಣಿಯಲ್ಲಿ. ಹದಿನಾಲ್ಕು ವರ್ಷ ಆಯ್ತು. ಎರಡು ಕುರ್ಚಿ, ಒಂದು ಮಂಚ, ಕರೆಂಟ್ ಹೋದರೆ ಬಾಗಿಲು ತೆಗೆದು ಗಾಳಿ ಬಿಟ್ಟುಕೊಳ್ಳೋ ಅಂಗಡಿ. ಡಾಕ್ಟರ ಮುಂದೆ "ಸುಸ್ತು ಸಾರ್" ಅಂತ ಎರಡೇ ಮಾತಲ್ಲಿ ಮುಗಿಸಿ ಬರೋ ಹೆಂಗಸರು ನನ್ನ ಮಂಚದ ಮೇಲೆ ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಮಲಗಿರ್ತಾರೆ. ಕೂದಲು, ತುಟಿ, ಉಗುರು, ಹಿಮ್ಮಡಿ ಎಲ್ಲ ನನ್ನ ಕೈಯಲ್ಲಿ. ಅಷ್ಟು ವರ್ಷ ನಾನು ಮಾಡಿದ್ದು ಅದನ್ನೆಲ್ಲ ಮುಚ್ಚೋ ಕೆಲಸ. ಕಣ್ಣ ಕೆಳಗೆ ಕಪ್ಪಿದ್ದರೆ ಕನ್ಸೀಲರ್, ಮುಖ ಬಿಳಿಚಿಕೊಂಡಿದ್ದರೆ ಬ್ಲಶ್. "ಮದುಮಗಳು ಎಷ್ಟು ಬೆಳ್ಳಗಿದಾಳೆ" ಅಂತ ಜನ ಹೊಗಳಿದಾಗ ನಾನೂ ಹಿಗ್ಗಿದ್ದೀನಿ. ಅದರಲ್ಲಿ ಎಷ್ಟು ಜನರ ಮೈಯಲ್ಲಿ ರಕ್ತವೇ ಇರಲಿಲ್ಲವೋ ಈಗ ಯಾರನ್ನು ಕೇಳಲಿ.

ಹುಡುಗಿಯ ಕೆಳರೆಪ್ಪೆ ಜಗ್ಗಿ ನೋಡಿದೆ. ಒಳಗಡೆ ಕೆಂಪಗಿರಬೇಕಾದ ಜಾಗ ಒಗೆದೂ ಒಗೆದೂ ಬಣ್ಣ ಬಿಟ್ಟ ರವಿಕೆ ಲೈನಿಂಗ್ ಥರ ಇತ್ತು. ಅಂಗೈ ನನ್ನ ಅಂಗೈ ಪಕ್ಕದಲ್ಲಿ ಇಟ್ಟು ನೋಡಿದೆ. ಇಬ್ಬರ ಮೈಬಣ್ಣ ಹೆಚ್ಚುಕಡಿಮೆ ಒಂದೇ, ಆದರೆ ಅವಳ ಅಂಗೈ ಗೆರೆಗಳಲ್ಲಿ ಕೆಂಪೇ ಇಲ್ಲ. ಮೈಬಣ್ಣ ನೋಡಿ ರಕ್ತ ಕಡಿಮೆ ಅಂತ ಹೇಳೋಕಾಗಲ್ಲ. ಕಪ್ಪಗಿರೋರಲ್ಲಂತೂ ಗೊತ್ತೇ ಆಗಲ್ಲ. ರೆಪ್ಪೆಯ ಒಳಗು, ನಾಲಿಗೆ, ಅಂಗೈ, ಇಷ್ಟು ಕಡೆ ನೋಡಬೇಕು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ ಅಂತ ಕೇಳಿದೆ. "ಬರುತ್ತೆ ಆಂಟಿ, ದಪ್ಪ ಆಗಿದ್ದೀನಲ್ಲ ಅದಕ್ಕೆ" ಅಂದಳು. ನಲವತ್ತೆಂಟು ಕೆ.ಜಿ. ಹುಡುಗಿ!

ನಾನು ಡಾಕ್ಟರಲ್ಲ, ಪಿಯುಸಿ ಮುಗಿಸಿ ಬ್ಯೂಟಿಷಿಯನ್ ಕೋರ್ಸ್ ಮಾಡಿದವಳು. ಮಾತ್ರೆ ಹೆಸರು ಹೇಳೋಕೆ ಹೋಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ ಅಂದೆ. ಅವರಮ್ಮನ ಮೊದಲ ಮಾತು, "ಬೀಗರಿಗೆ ಗೊತ್ತಾದ್ರೆ?" ಆಮೇಲೆ ಎದುರು ಬೀದಿಯ ಲ್ಯಾಬ್ ಬಿಟ್ಟು, ಗುರುತಿನವರು ಸಿಗದ ಕಡೆ ಹೋಗಿ ಮಾಡಿಸಿಕೊಂಡು ಬಂದರು. ಹಿಮೋಗ್ಲೋಬಿನ್ 7.4. ಬಸುರಿಯಲ್ಲದ ಹೆಂಗಸರಿಗೆ ಕನಿಷ್ಠ 12 ಇರಬೇಕು, 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ಅಂಥ ಮೈಯಲ್ಲಿ ಅವಳು ದಿನಾ ಬಸ್ಸಲ್ಲಿ ನಿಂತು ಕೆಲಸಕ್ಕೆ ಹೋಗಿಬರ್ತಿದ್ದಳು, ಮನೆಯಲ್ಲಿ ಮದುವೆ ಶಾಪಿಂಗ್‌ಗೂ ಓಡಾಡ್ತಿದ್ದಳು. ನಿಧಾನವಾಗಿ ಇಳಿದರೆ ಮೈ ಹೇಗೋ ಹೊಂದಿಕೊಂಡುಬಿಡುತ್ತಂತೆ. ಸುಸ್ತೇ ಸಹಜ ಅನ್ನೋ ಹಾಗೆ ಆಗಿಬಿಡುತ್ತೆ.

ಚಮಚದ ಉಗುರಿನ ಹಾಗೇ, ಹಸಿ ಅಕ್ಕಿ, ಬಳಪ, ಸೀಮೆಸುಣ್ಣ, ಮಣ್ಣು, ಫ್ರಿಜ್ಜಿನ ಐಸು, ಇವನ್ನು ತಿನ್ನಬೇಕು ಅನ್ನೋ ತಡೆಯಲಾಗದ ಚಪಲ ಕಬ್ಬಿಣಾಂಶ ಕಡಿಮೆಯಾದವರಲ್ಲಿ ಕಾಣಿಸಿಕೊಳ್ಳುತ್ತೆ. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಎಷ್ಟೋ ಜನಕ್ಕೆ ಈ ಚಪಲ ತಾನಾಗಿ ಹೋಗುತ್ತೆ, ಹಿಮೋಗ್ಲೋಬಿನ್ ಪೂರ್ತಿ ಏರೋದಕ್ಕೂ ಮೊದಲೇ. ಬೈಗುಳಕ್ಕೆ ಬಗ್ಗದ್ದು ಮಾತ್ರೆಗೆ ಬಗ್ಗುತ್ತೆ. ಈ ಹುಡುಗಿಗೂ ಮೂರನೇ ವಾರಕ್ಕೆ ಡಬ್ಬದ ಕಡೆ ಮನಸ್ಸೇ ಹೋಗಲಿಲ್ಲವಂತೆ.

ಆದರೆ ಕಬ್ಬಿಣ ಹೋಗಿದ್ದೆಲ್ಲಿಗೆ? ಡಾಕ್ಟರಮ್ಮ ಕೇಳಿದ್ದು ಊಟದ ವಿಷಯಕ್ಕಿಂತ ಮುಟ್ಟಿನ ವಿಷಯ. ಎಂಟು ದಿನ, ಅದರಲ್ಲಿ ಮೊದಲ ಮೂರು ದಿನ ಎರಡು ಗಂಟೆಗೊಂದು ಪ್ಯಾಡ್. ಹದಿನೈದನೇ ವಯಸ್ಸಿಂದಲೂ ಹಾಗೇ. "ನನಗೂ ಹಂಗೇ ಇತ್ತು, ಎಲ್ಲರಿಗೂ ಇರೋದೇ ಅಲ್ವಾ" ಅಂದರಂತೆ ಅವರಮ್ಮ. ತಾಯಿಗೂ ರಕ್ತ ಕಡಿಮೆ, ಮಗಳಿಗೂ ಕಡಿಮೆ, ಇಬ್ಬರಿಗೂ ಅದೇ ಸಾಮಾನ್ಯ. ಸ್ಕ್ಯಾನ್ ಬರೆದರು, ಹುಳದ ಮಾತ್ರೆ ಕೊಟ್ಟರು, ಕಬ್ಬಿಣದ ಮಾತ್ರೆ ಕೊಟ್ಟರು. ಸೋರೋ ಬಿಂದಿಗೆಗೆ ನೀರು ತುಂಬಿಸ್ತಾ ಇದ್ದರೆ ಏನು ಬಂತು, ತೂತು ಹುಡುಕಬೇಕು ಅಂದರಂತೆ. ಮುಟ್ಟು ನಿಂತ ಹೆಂಗಸರಲ್ಲೋ, ಗಂಡಸರಲ್ಲೋ ಕಬ್ಬಿಣ ಇಳಿದಿದ್ದರೆ ಇನ್ನೂ ಹುಷಾರು. ಹೊಟ್ಟೆ, ಕರುಳಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು.

ಅವರ ಮನೆಯಲ್ಲಿ ಅಷ್ಟರಲ್ಲಿ ಬೀಟ್‌ರೂಟ್ ಜ್ಯೂಸ್ ಶುರುವಾಗಿತ್ತು. ನನಗೆ ಈ ಬೀಟ್‌ರೂಟ್ ಮೇಲೆ ಸ್ವಲ್ಪ ಸಿಟ್ಟಿದೆ. ಕೆಂಪಗಿದೆ ಅನ್ನೋ ಒಂದೇ ಕಾರಣಕ್ಕೆ ಅದಕ್ಕೆ ಇಷ್ಟು ಮರ್ಯಾದೆ. ನೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗಲ್ಲ. ನಮ್ಮ ಕಡೆಯ ಹುರುಳಿಕಾಳು, ದಂಟಿನ ಸೊಪ್ಪು, ಭಾನುವಾರದ ಈಲಿ (ಲಿವರ್) ಅದಕ್ಕಿಂತ ಎಷ್ಟೋ ವಾಸಿ. ಅದರಲ್ಲೂ ಈಲಿಯಲ್ಲಿರೋ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತೆ. ಕಾಳು ಸೊಪ್ಪಿನದ್ದು ಹತ್ತಬೇಕಾದರೆ ಮೇಲೆ ನಿಂಬೆಹಣ್ಣು ಹಿಂಡಬೇಕು, ಇಲ್ಲ ಒಂದು ಸೀಬೆಹಣ್ಣು ತಿನ್ನಬೇಕು. ನಾವು ಮಾಡೋದು ಅದರ ಉಲ್ಟಾ. ಬಸ್ಸಾರು ಮುದ್ದೆ ಉಂಡು ಕೈ ತೊಳೆದ ತಕ್ಷಣ ಒಂದು ಲೋಟ ಟೀ. ಟೀಯಲ್ಲಿರೋ ಒಗರು ಆ ಕಬ್ಬಿಣವನ್ನು ಹಿಡಿದು ಕಟ್ಟಿ ಹಾಕಿಬಿಡುತ್ತೆ. ಒಂದು ಗಂಟೆ ತಡೆದು ಕುಡಿದರೆ ಯಾರ ಗಂಟೂ ಹೋಗಲ್ಲ. ಹಾಗೇ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬಾರದು. ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಿ ಬಿಡಬಾರದು. ಹಿಮೋಗ್ಲೋಬಿನ್ 12 ಆಯ್ತು ಅಂತಲೂ ತಕ್ಷಣ ಬಿಡಬಾರದು, ಖಾಲಿಯಾದ ಉಗ್ರಾಣ ತುಂಬೋಕೆ ಇನ್ನೂ ಮೂರು ತಿಂಗಳು ಬೇಕು. ಇವು ಡಾಕ್ಟರಮ್ಮ ಹೇಳಿದ್ದು, ಆ ಹುಡುಗಿ ನನಗೆ ಒಪ್ಪಿಸಿದ್ದು.

ಮಣ್ಣು ತಿನ್ನೋದರ ಬಗ್ಗೆ ಆಮೇಲೆ ಓದುವಾಗ ಒಂದು ಕಥೆ ಸಿಕ್ಕಿತು. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ಊರಿಗೆ ಹೋಗಿದ್ದರು. ಅಲ್ಲಿ ಅವರ ಮುಂದೆ ಬಂದ ರೋಗಿಗೆ ವಯಸ್ಸು 21, ನೋಡೋಕೆ 10 ವರ್ಷದ ಹುಡುಗ. ತಿನ್ನುತ್ತಿದ್ದದ್ದು ಬರೀ ರೊಟ್ಟಿ, ಜೊತೆಗೆ ಮಣ್ಣು. ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣ ಅನ್ನೋದು ಸರಿ, ಆದರೆ ಬೆಳವಣಿಗೆ ಯಾಕೆ ನಿಂತಿತು? ಆ ಜಾಡು ಹಿಡಿದು ಹೋಗಿ, ಮನುಷ್ಯರಿಗೂ ಸತುವಿನ ಕೊರತೆ ಆಗುತ್ತೆ ಅಂತ ತೋರಿಸಿದವರು ಅವರು. ಅಲ್ಲಿಯವರೆಗೆ ಹಾಗೊಂದು ಕೊರತೆ ಇರಬಹುದು ಅಂತಲೇ ಬಹಳ ಜನ ಒಪ್ಪುತ್ತಿರಲಿಲ್ಲ. ಗೋಧಿ ಹೊಟ್ಟಿನಲ್ಲಿರೋ ಫೈಟೇಟ್ ಸತು, ಕಬ್ಬಿಣ ಎರಡನ್ನೂ ಮೈಗೆ ಸೇರೋಕೆ ಬಿಡಲ್ಲ. ನಮ್ಮ ರಾಗಿಯಲ್ಲೂ ಅದು ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ನಾವು ಎದೆ ತಟ್ಟಿಕೊಳ್ಳೋದು ನಿಜವೇ, ಆದರೆ ಅಷ್ಟೂ ಮೈಗೆ ಸೇರಲ್ಲ. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದರೆ ಫೈಟೇಟ್ ತಗ್ಗುತ್ತೆ. ಮಗುವಿನ ರಾಗಿ ಸರಿಗೆ ನಮ್ಮಜ್ಜಿ ಅಷ್ಟೆಲ್ಲ ಪಾಡು ಪಡುತ್ತಿದ್ದದ್ದು ಸುಮ್ಮನೆ ಅಲ್ಲ. ನಾನು ನನ್ನ ಮಗನಿಗೆ ಡಬ್ಬದ ಪುಡಿ ಕಲಸಿಕೊಟ್ಟವಳು, ಅಜ್ಜಿ ಬಗ್ಗೆ ಜಾಸ್ತಿ ಮಾತಾಡೋ ಹಕ್ಕಿಲ್ಲ.

ಚಮಚದ ಉಗುರನ್ನ ನಾನು ಗುರುತು ಹಿಡಿದೆ ಅಂತ ಈಗ ಜಂಬದಿಂದ ಬರೀತಿದ್ದೀನಿ. ನನಗೆ ಈ ಕಣ್ಣು ಬಂದದ್ದು ಎರಡು ವರ್ಷದ ಹಿಂದೆ. ಅದಕ್ಕೆ ಕಾರಣ ನಮ್ಮತ್ತೆ ಕೈಗೆಣ್ಣುಗಳು.

ನಮ್ಮೆಜಮಾನರ ಅಕ್ಕನ ಮಗಳ ಮದುವೆ. ಅತ್ತೆಗೆ ಆಗ 67. ಹಿಂದಿನ ದಿನ ಮೆಹಂದಿ ಹಾಕೋಣ ಅಂತ ಕೈ ಹಿಡಿದೆ, ಬೆರಳ ಗೆಣ್ಣುಗಳು ಕಪ್ಪಗೆ ಮಸಿ ಮೆತ್ತಿದ ಹಾಗೆ ಇದ್ದವು. ಮೈಯೆಲ್ಲ ಗೋಧಿ ಬಣ್ಣ, ಗೆಣ್ಣುಗಳಷ್ಟೇ ಕಪ್ಪು. "ಏನತ್ತೆ ಇದು, ಪಾತ್ರೆ ಮಸಿ ಸರಿಯಾಗಿ ತೊಳ್ಕೊಳ್ಳಲ್ವಾ?" ಅಂತ ಅಂದೂಬಿಟ್ಟೆ. ಅರ್ಧ ನಿಂಬೆಹಣ್ಣಿಗೆ ಸಕ್ಕರೆ ಅದ್ದಿ ತಿಕ್ಕಿದೆ. ಹೋಗಲಿಲ್ಲ. ಡಿ-ಟ್ಯಾನ್ ಹಚ್ಚಿದೆ, ಇಪ್ಪತ್ತು ನಿಮಿಷ ಬಿಟ್ಟು ತೊಳೆದೆ. ಹೋಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಬ್ಲೀಚ್ ಕೂಡ ಹಾಕಿದೆ. ಅತ್ತೆ ಕಮಕ್ ಕಿಮಕ್ ಅನ್ನಲಿಲ್ಲ. ಬ್ಲೀಚ್ ಉರೀಬೇಕಲ್ಲ, ಉರೀತಿಲ್ವಾ ಅಂತ ಕೇಳಿದರೆ, "ಬೆರಳೆಲ್ಲ ತಿಮ್ಮಿರ್ಲು ಕಣಮ್ಮಾ, ಏನೂ ಗೊತ್ತಾಗಲ್ಲ" ಅಂದರು. ನಮ್ಮ ಕಡೆ ಅರ್ಧ ತೆಲುಗು ಅರ್ಧ ಕನ್ನಡ, ಜೋಮು ಹಿಡಿಯೋದಕ್ಕೆ ತಿಮ್ಮಿರ್ಲು ಅಂತಾರೆ. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮದುವೆ ಮನೆ ಗಡಿಬಿಡಿ. ಗೆಣ್ಣಿನ ಮೇಲೆ ಫೌಂಡೇಶನ್ ಬಳಿದು ಕಳಿಸಿದೆ.

ಈಗ ಹಿಂತಿರುಗಿ ನೋಡಿದರೆ ಎಲ್ಲಾ ಕಣ್ಣ ಮುಂದೆಯೇ ಇತ್ತು. ಬಸ್ಸಾರಿಗೆ ಖಾರ ಕಡಿಮೆ ಹಾಕು, ನಾಲಿಗೆ ಉರೀತದೆ ಅಂತ ವರ್ಷದಿಂದ ಹೇಳ್ತಿದ್ದರು. ನಾನು ವಯಸ್ಸಾಯ್ತಲ್ಲ ಅಂತ ಎರಡು ಮೆಣಸಿನಕಾಯಿ ಕಡಿಮೆ ಮಾಡಿದ್ದೆ, ಅಷ್ಟೇ. ಬೀದಿಯಲ್ಲಿ ನಡೀತಾ ಹವಾಯಿ ಚಪ್ಪಲಿ ಒಂದು ಕಾಲಿಂದ ಕಳಚಿ ಹಿಂದೆ ಉಳಿದುಬಿಡೋದು, ಇವರಿಗೆ ಗೊತ್ತೇ ಆಗ್ತಿರಲಿಲ್ಲ. ಹಿಂದೆ ಬರೋ ಹುಡುಗರು ತಂದುಕೊಡೋರು. ನಾವೆಲ್ಲ ನಕ್ಕಿದ್ದೂ ಉಂಟು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡೋರು, ಒಂದು ಕೈ ಗೋಡೆಗೆ ಆನಿಸಿಕೊಂಡೇ ಮುಖ ತೊಳೆಯೋರು. ಬಚ್ಚಲ ಗೋಡೆ ಮೇಲೆ ಎದೆಯೆತ್ತರಕ್ಕೆ ಅವರ ಅಂಗೈ ಗುರುತು ಬಿದ್ದಿತ್ತು. ಅದನ್ನೂ ನಾನು ಉಜ್ಜಿ ತೊಳೆದಿದ್ದೀನಿ.

ಕಾಲು ಉರಿ ಅಂತ ಒಂದು ಕಡೆ ತೋರಿಸಿದ್ದೆವು. ಹನ್ನೊಂದು ವರ್ಷದಿಂದ ಶುಗರ್ ಇದೆ, ಕಾಲು ಉರಿ ಇದ್ದದ್ದೇ ಅಂದು ಎರಡು ನಿಮಿಷದಲ್ಲಿ ಕಳಿಸಿದರು. ಸುಸ್ತಿಗೆ ಅಂತ ನಾನೇ ಮೆಡಿಕಲ್ ಸ್ಟೋರಿಂದ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರೋ ಮಾತ್ರೆ ತಂದುಕೊಟ್ಟೆ. ಎರಡು ತಿಂಗಳಲ್ಲಿ ಮುಖಕ್ಕೆ ಸ್ವಲ್ಪ ಕಳೆ ಬಂತು. ನೋಡಿ, ನನ್ನ ಮಾತ್ರೆ ಕೆಲಸ ಮಾಡ್ತು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಕಾಲು ಮಾತ್ರ ಇನ್ನೂ ಕೆಟ್ಟಿತು.

ಚಿಕ್ಕಬಳ್ಳಾಪುರದಲ್ಲಿ ಸಿಕ್ಕ ಇನ್ನೊಬ್ಬ ಡಾಕ್ಟರು ಮೊದಲು ನೋಡಿದ್ದೇ ಕೈ. ಆಮೇಲೆ ನಾಲಿಗೆ ಚಾಚಿಸಿದರು. ನಾಲಿಗೆ ಮೇಲೆ ಇರಬೇಕಾದ ಆ ಒರಟು ಹೋಗಿ ನುಣ್ಣಗೆ, ಕೆಂಪಗೆ, ಹಸಿ ಮಾಂಸದ ಥರ ಇತ್ತು. ಎರಡು ಕವಲಿನ ಒಂದು ಕಬ್ಬಿಣವನ್ನು ಕೈಗೆ ಬಡಿದು, ಅದು ಗುಂಯ್ ಅನ್ನುವಾಗ ಕಾಲಿನ ಹೆಬ್ಬೆರಳ ಮೂಳೆ ಮೇಲೆ ಇಟ್ಟರು. "ಏನಾದ್ರೂ ಗೊತ್ತಾಗುತ್ತಾ ಅಮ್ಮಾ?" "ತಣ್ಣಗೈತೆ." ಅದುರೋದು ಗೊತ್ತಾಗಲೇ ಇಲ್ಲ. ನನ್ನ ಮೊಣಕೈಗೆ ಇಟ್ಟು ತೋರಿಸಿದರು, ಜೇನುಹುಳು ಕೂತ ಹಾಗೆ ಅದುರಿತು.

ರಿಪೋರ್ಟಲ್ಲಿ ಬಿ12 118 ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ. ಕಾರಣ ಒಂದಲ್ಲ, ಮೂರು. ಒಂಬತ್ತು ವರ್ಷದ ಹಿಂದೆ ಕೈವಾರಕ್ಕೆ ಹೋಗಿಬಂದು, ಅಲ್ಲಿನ ಸಂತ ತಾತಯ್ಯನವರ ಹೆಸರಲ್ಲಿ ಮಾಂಸ ಮೊಟ್ಟೆ ಎರಡೂ ಬಿಟ್ಟಿದ್ದರು. ಹಾಲು ಅಂದರೆ ದಿನಕ್ಕೆರಡು ಕಾಫಿಯಲ್ಲಿ ಇರೋದಷ್ಟೇ. ಬಿ12 ಸೊಪ್ಪು, ಕಾಳು, ತರಕಾರಿ ಯಾವುದರಲ್ಲೂ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು ಮೊಸರಲ್ಲೇ ಸಿಗಬೇಕು. ಈಲಿಯಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತೆ, ಅದಕ್ಕೇ ಬಿಟ್ಟ ತಕ್ಷಣ ಏನೂ ಗೊತ್ತಾಗಲ್ಲ. ಎರಡನೇದು, ಶುಗರ್‌ಗೆ ತಗೊಳ್ಳೋ ಮೆಟ್‌ಫಾರ್ಮಿನ್. ಒಳ್ಳೇ ಔಷಧಿಯೇ, ಆದರೆ ವರ್ಷಗಟ್ಟಲೆ ತಗೊಂಡರೆ ಬಿ12 ಹೀರೋದು ಕಡಿಮೆಯಾಗಬಹುದು. ಮೂರನೇದು, ಬೆಳಿಗ್ಗೆ ಎದ್ದರೆ ನುಂಗೋ ಗ್ಯಾಸ್ ಮಾತ್ರೆ. ಊಟದಿಂದ ಬಿ12 ಬಿಡಿಸೋಕೆ ಹೊಟ್ಟೆಯ ಹುಳಿ ಬೇಕು, ಈ ಮಾತ್ರೆ ಮಾಡೋದೇ ಹುಳಿ ತಗ್ಗಿಸೋ ಕೆಲಸ. ಹಾಗಂತ ಯಾರೂ ಶುಗರ್ ಮಾತ್ರೆ ಬಿಟ್ಟು ಕೂರಬೇಡಿ. ಬಿ12 ಒಂದು ಸಲ ನೋಡಿಸಿ ಅಂತ ಕೇಳಿ, ಅಷ್ಟು ಸಾಕು.

ನನಗೆ ನಾಚಿಕೆಯಾಗಿದ್ದು ಫೋಲಿಕ್ ಆಸಿಡ್ ವಿಷಯದಲ್ಲಿ. ಬಿ12 ಇಲ್ಲದವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಬಹುದು, ನರ ಮಾತ್ರ ಒಳಗೊಳಗೇ ಕೆಡ್ತಾ ಹೋಗುತ್ತೆ. ಮೇಲೆ ಬಣ್ಣ ಬಂದಿರೋದರಿಂದ ಯಾರಿಗೂ ಅನುಮಾನವೇ ಬರಲ್ಲ. ಅಂದರೆ ನಾನು ಮಾತ್ರೆಯಲ್ಲೂ ಮೇಕಪ್ಪೇ ಮಾಡಿದ್ದೆ. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಫೋಲಿಕ್ ಆಸಿಡ್ ತಯಾರಿಸಿದ ತಂಡವನ್ನು ಮುನ್ನಡೆಸಿದವರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಂತ ಎಲ್ಲೋ ಓದಿ ಅತ್ತೆಗೆ ಹೇಳಿದೆ. "ಮನವಾಡೇನಾ!" ನಮ್ಮವನೇನಾ ಅಂತ ಮುಖ ಅರಳಿಸಿದರು. ಆಮೇಲೆ, "ಅವನು ಸರಿಯಾಗೇ ಮಾಡವ್ನೆ, ನೀನು ತಪ್ಪು ಮಾತ್ರೆ ತಂದೆ" ಅಂದರು. ಏನು ಹೇಳೋದು.

ಇಂಜೆಕ್ಷನ್ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ನಾಲಿಗೆ ಉರಿ ಮೊದಲು ಹೋಯ್ತು. ಗೆಣ್ಣಿನ ಕಪ್ಪು ಯಾವ ಡಿ-ಟ್ಯಾನೂ ಇಲ್ಲದೆ ನಾಲ್ಕೈದು ತಿಂಗಳಲ್ಲಿ ತಿಳಿಯಾಯ್ತು. ಕೈ ಜೋಮು ಮುಕ್ಕಾಲು ಪಾಲು ಹೋಗಿದೆ. ಕಾಲ್ಬೆರಳು ಮಾತ್ರ ಇವತ್ತಿಗೂ ಪೂರ್ತಿ ಬಂದಿಲ್ಲ. ಒಂದು ವರ್ಷ ಮುಂಚೆ ಬಂದಿದ್ದರೆ ಅಂತ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಆ ವರ್ಷ ನನ್ನದು.

ಅಲ್ಲಿಂದ ಶುರುವಾಯ್ತು ನನ್ನ ಗೀಳು. ಬಂದವರ ಉಗುರು, ನಾಲಿಗೆ, ರೆಪ್ಪೆ ನೋಡೋದು. ಮೊದಮೊದಲು ಅತಿಯಾಗಿ ಮಾಡಿದೆ ಅಂತಲೂ ಹೇಳಬೇಕು. ಉಗುರ ಮೇಲೆ ಬಿಳಿ ಚುಕ್ಕೆ ಕಂಡವರಿಗೆಲ್ಲ ಕ್ಯಾಲ್ಸಿಯಂ ಕಡಿಮೆ ಅಂತ ಭಾಷಣ ಬಿಗಿದೆ. ಚಿಕ್ಕವರಿದ್ದಾಗ ಕೆರೆ ಏರಿ ಮೇಲೆ ಬೆಳ್ಳಕ್ಕಿ ಸಾಲು ಹಾರಿದರೆ ಉಗುರು ಉಗುರು ಉಜ್ಜಿಕೊಂಡು ಹೂವು ಕೊಡು ಅಂತ ಕೇಳ್ತಿದ್ದೆವು, ಬಿಳಿ ಚುಕ್ಕೆ ಬಂದರೆ ಬೆಳ್ಳಕ್ಕಿ ಕೊಟ್ಟಿತು ಅಂತ ಖುಷಿ. ನನ್ನ ಕ್ಯಾಲ್ಸಿಯಂ ಭಾಷಣಕ್ಕಿಂತ ಬೆಳ್ಳಕ್ಕಿಯೇ ವಾಸಿ. ಆ ಚುಕ್ಕೆ ಬಹುಪಾಲು ಬರೋದು ಉಗುರಿನ ಬುಡಕ್ಕೆ ಎಂದೋ ಬಿದ್ದ ಸಣ್ಣ ಏಟಿನಿಂದ. ಉಗುರು ಬೆಳೆದ ಹಾಗೆ ಮುಂದೆ ಸರಿದು ಹೋಗುತ್ತೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕೂದಲು ಉದುರುತ್ತೆ ಅಂತ ಬಂದವರಿಗೆ ನಾನು ಬಯೋಟಿನ್ ಮಾತ್ರೆ ಮಾರುತ್ತಿದ್ದೆ. ಡಬ್ಬಕ್ಕೆ ನನಗೂ ನಾಲ್ಕು ಕಾಸು ಸಿಗೋದು. ನಮಗೆ ದಿನಕ್ಕೆ ಬೇಕಾದ ಬಯೋಟಿನ್ 30-40 ಮೈಕ್ರೋಗ್ರಾಂ. ಆ ಮಾತ್ರೆಯಲ್ಲಿ ಇದ್ದದ್ದು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ನನ್ನ ಹತ್ತಿರ ಬರೋ ಒಬ್ಬ ಟೀಚರ್‌ಗೆ ಥೈರಾಯ್ಡ್ ಕಡಿಮೆ ಇರೋ ತೊಂದರೆ, ಮಾತ್ರೆ ತಗೋತಿದ್ದರು. ಇದ್ದಕ್ಕಿದ್ದ ಹಾಗೆ ರಿಪೋರ್ಟಲ್ಲಿ ಥೈರಾಯ್ಡ್ ಜಾಸ್ತಿ ಅಂತ ಬಂತು. ಅವರಿಗೆ ಎದೆ ಬಡಿತ ಇಲ್ಲ, ತೂಕ ಇಳಿದಿಲ್ಲ, ಏನೂ ಇಲ್ಲ. ಡೋಸ್ ಕಡಿಮೆ ಮಾಡೋ ಮೊದಲು ಅವರ ಡಾಕ್ಟರು ಬೇರೆ ಏನೇನು ತಗೋತೀರಿ ಅಂತ ಕೇಳಿದ್ದು ಪುಣ್ಯ. ಜಾಸ್ತಿ ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಪರೀಕ್ಷೆಗಳೇ ದಾರಿ ತಪ್ಪುತ್ತವೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ ತೋರಿಸುತ್ತೆ, ಟಿ4 ಇಲ್ಲದಷ್ಟು ಜಾಸ್ತಿ, ಥೈರಾಯ್ಡ್ ಜಾಸ್ತಿ ಇರೋರ ಹಾಗೇ. ಹೃದಯಾಘಾತ ಪತ್ತೆ ಹಚ್ಚೋ ಟ್ರೋಪೋನಿನ್ ಪರೀಕ್ಷೆ ಕೂಡ ಹೀಗೇ ತಪ್ಪಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಮಾತ್ರೆ ನಿಲ್ಲಿಸಿ ಕೆಲವು ದಿನ ಬಿಟ್ಟು ಮಾಡಿಸಿದ ರಿಪೋರ್ಟ್ ಸರಿಯಾಗಿ ಬಂತು. ಉಳಿದ ಡಬ್ಬಗಳನ್ನು ಏಜೆಂಟ್‌ಗೆ ವಾಪಸ್ ಕೊಟ್ಟೆ. ಅರ್ಧ ದುಡ್ಡು ಹೋಯ್ತು.

ಅಂದಹಾಗೆ ಕೂದಲು ಉದುರೋರಲ್ಲಿ ನಿಜವಾಗಿ ಬಯೋಟಿನ್ ಕೊರತೆ ಇರೋರು ಬಲು ಅಪರೂಪ. ಡೆಂಗ್ಯೂ ಬಂದು ಹೋದ ಮೇಲೆ, ಹೆರಿಗೆ ಆದ ಮೇಲೆ, ಎರಡು ಮೂರು ತಿಂಗಳಿಗೆ ಗೊಂಚಲು ಗೊಂಚಲು ಉದುರುತ್ತೆ, ಆಮೇಲೆ ತಾನೇ ನಿಲ್ಲುತ್ತೆ. ನಿಲ್ಲದಿದ್ದರೆ ಫೆರಿಟಿನ್ (ಮೈ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳೋ ಪರೀಕ್ಷೆ), ಥೈರಾಯ್ಡ್ ನೋಡಿಸಬೇಕು. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಮುಟ್ಟಿರೋ ಕಾಲೇಜು ಹುಡುಗಿಯರನ್ನ ನಾನೇ ನೋಡಿದ್ದೀನಿ. ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಓಡಾಡ್ತಾ ಇರುತ್ತೆ, ಬೀರುವಿನಲ್ಲಿ ಏನೂ ಇರಲ್ಲ, ಹಾಗೆ.

ಹಲ್ಲಿನ ವಿಷಯ ಹೇಳದೆ ಇದ್ದರೆ ನಮ್ಮ ಜಿಲ್ಲೆಯವಳು ಅನ್ನಿಸಿಕೊಳ್ಳಲ್ಲ. ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬರೋ ಮದುಮಗಳು ಕನ್ನಡಿ ಮುಂದೆ ತುಟಿ ಮುಚ್ಚಿಕೊಂಡೇ ನಗ್ತಾಳೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಹಳದಿ, ಕಂದು ಗೆರೆ. ಕ್ಯಾಲ್ಸಿಯಂ ಕಡಿಮೆ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿಸಿರ್ತಾರೆ. ಅದು ಕೊರತೆಯ ಗುರುತೇ ಅಲ್ಲ, ಜಾಸ್ತಿಯಾದದ್ದರ ಗುರುತು. ಸಾವಿರ ಅಡಿ ಕೆಳಗಿಂದ ಬರೋ ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಅಂತ ಲೆಕ್ಕ. ಗೆರೆ ಬೀಳೋದು ಒಸಡಿನೊಳಗೆ ಹಲ್ಲು ರೂಪುಗೊಳ್ಳೋ ವಯಸ್ಸಲ್ಲಿ, ಹಾಗಾಗಿ ಆಮೇಲೆ ಎಷ್ಟು ಒಳ್ಳೇ ನೀರು ಕುಡಿದರೂ ಹೋಗಲ್ಲ. ದಂತವೈದ್ಯರೇ ಏನಾದರೂ ಮಾಡಬೇಕು. ಆದರೆ ಅವಳಿಗೆ ಹುಟ್ಟೋ ಮಕ್ಕಳ ಹಲ್ಲು ಉಳಿಸಬಹುದು. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸೋ ಶುದ್ಧ ನೀರಿನ ಘಟಕದ ನೀರನ್ನ ಕುಡಿಯೋಕಷ್ಟೇ ಅಲ್ಲ, ಅಡಿಗೆಗೂ ಬಳಸಬೇಕು. ಮುದ್ದೆಗೆ ಎಸರಿಡೋದು ಬೋರ್ ನೀರಲ್ಲೇ ಆದರೆ ಕ್ಯಾನ್ ಹೊತ್ತು ತಂದು ಅರ್ಧ ಪ್ರಯೋಜನ. ಊರಲ್ಲಿ ವಯಸ್ಸಾದವರಿಗೆ ಸೊಂಟ, ಕುತ್ತಿಗೆ ಬಗ್ಗಿಸೋಕಾಗಲ್ಲ ಅನ್ನೋದಕ್ಕೂ ಇದೇ ನೀರು ಕಾರಣ ಇರಬಹುದು. ಅದನ್ನೂ ನಾವು ಕ್ಯಾಲ್ಸಿಯಂ ಖಾತೆಗೆ ಬರೆದುಬಿಡ್ತೀವಿ.

ಇನ್ನು ಕತ್ತಿನ ಸುತ್ತ ಕಪ್ಪಗೆ, ದಪ್ಪಗೆ ಆಗಿದೆ, ಬ್ಲೀಚ್ ಮಾಡಿ ಅಂತ ಬರೋರಿಗೆ ಶುಗರ್ ಟೆಸ್ಟ್ ಮಾಡಿಸಿ ಅಂತೀನಿ, ಅದು ವಿಟಮಿನ್ನಿನ ಮಾತಲ್ಲ. ಬಾಯಿ ಮೂಲೆ ಒಡೆಯೋದು ಬಿ2, ಕಬ್ಬಿಣ, ಬಿ12 ಯಾವುದು ಕಡಿಮೆಯಾದರೂ ಆಗುತ್ತೆ, ಸರಿಯಾಗಿ ಕೂರದ ಹಲ್ಲುಸೆಟ್ಟಿನಿಂದಲೂ ಆಗುತ್ತೆ. ವಿಟಮಿನ್ ಡಿ ಸ್ಯಾಷೆ ಬಗ್ಗೆ ಒಂದೇ ಮಾತು. 60,000 ಯೂನಿಟ್ಟಿನ ಅದನ್ನ ಡಾಕ್ಟರು ವಾರಕ್ಕೊಂದರಂತೆ ಎಂಟು ವಾರ ಬರೆದುಕೊಟ್ಟರೆ ಎಂಟೇ ವಾರ. ನಮ್ಮ ಬೀದಿಯ ಒಬ್ಬರು ಹಳೇ ಚೀಟಿ ತೋರಿಸಿ ತೋರಿಸಿ ಎರಡು ವರ್ಷ ಕುಡಿದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ಒಂಥರಾ ಮಂಕು ಹಿಡಿದು ಆಸ್ಪತ್ರೆ ಸೇರಿದರು.

ಆ ಹುಡುಗಿಯ ಮದುವೆ ಆಯ್ತು. ಮಳೆ ಬರಲಿಲ್ಲ. ಉಗುರಿಗೆ ತೆಳು ಗುಲಾಬಿ ಬಣ್ಣವನ್ನ ಹತ್ತಿ ಕಡ್ಡಿಯಲ್ಲಿ ಒತ್ತಿ ಒತ್ತಿ ಹಚ್ಚಿದೆ. ಬುಡದಿಂದ ಹೊಸ ಉಗುರು ಬರೋಕೆ ಆರು ತಿಂಗಳಾದರೂ ಬೇಕು.

ಅತ್ತೆಯ ಇಂಜೆಕ್ಷನ್ ಪ್ರತಿ ತಿಂಗಳ ಐದನೇ ತಾರೀಖು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಿದ್ದೀನಿ. ಹೋದ ಸಲ ನರ್ಸಮ್ಮ ಸೂಜಿಗೆ ಔಷಧಿ ಎಳೀತಿದ್ದಾಗ, ಕೆಂಪಗಿದ್ದದ್ದು ನೋಡಿ ಇವರಿಗೆ ಅನುಮಾನ ಬಂತು. "ಇದನ್ನ ಯಾವುದ್ರಿಂದ ಮಾಡ್ತಾರಮ್ಮಾ? ಮಾಂಸದಲ್ಲಿ ಇರೋದು ಅಂದ್ರಲ್ಲ." ಬ್ಯಾಕ್ಟೀರಿಯಾದಿಂದ ತಯಾರಿಸ್ತಾರೆ ಅಜ್ಜಿ, ಮಾಂಸ ಇಲ್ಲ ಅಂದಳು ನರ್ಸಮ್ಮ. ಬ್ಯಾಕ್ಟೀರಿಯಾ ಅಂದರೆ ಅಂತ ನನ್ನ ಕಡೆ ತಿರುಗಿದರು. ಕಣ್ಣಿಗೆ ಕಾಣದ ಸಣ್ಣ ಜೀವಿ ಅತ್ತೆ, ಮೊಸರಲ್ಲಿ ಇರುತ್ತಲ್ಲ ಹಾಗೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ತೋಳು ಮುಂದೆ ಚಾಚಿದರು.

"ಸರಿ ಚುಚ್ಚು. ಬಾಯಲ್ಲಿ ಹೋಗಿದ್ರೆ ತಾತಯ್ಯ ಕೇಳೋನು."